ಮನೆಯ ಪಕ್ಕ ನೆಲಮಾಳಿಗೆ ತೋಡುವ ಮುನ್ನ: ಕೆಳಗಿನ ಮಣ್ಣು ಖಾಲಿ ಜಾಗವಲ್ಲ

ಇರುವ ಮನೆ ಸಾಲದು ಎನಿಸಿದಾಗ ನಮ್ಮಲ್ಲಿ ಹೆಚ್ಚಿನವರು ಮೇಲೊಂದು ಮಹಡಿ ಎಬ್ಬಿಸುವ ಯೋಚನೆ ಮಾಡುತ್ತಾರೆ. ಇನ್ನು ಕೆಲವರ ಕಣ್ಣು ಹಿತ್ತಲಿನ ಮೇಲೆ ಬೀಳುತ್ತದೆ. ಅಲ್ಲೊಂದು ಕೋಣೆ ಸೇರಿಸಿ, ಅದರ ಕೆಳಗೆ ಮರಗೆಲಸಕ್ಕೋ ವೆಲ್ಡಿಂಗ್‌ಗೋ ಒಂದು ನೆಲಮಾಳಿಗೆ ಮಾಡಿಕೊಂಡರೆ ಹೇಗೆ? ಸದ್ದು ಹೊರಗೆ ಹೋಗುವುದಿಲ್ಲ, ಬೇಸಿಗೆಯಲ್ಲಿ ತಂಪು, ನಿವೇಶನದ ಜಾಗವೂ ಉಳಿಯುತ್ತದೆ. ಅಮೆರಿಕ, ಕೆನಡಾದ ಜನ ತಮ್ಮ ಬೇಸ್‌ಮೆಂಟ್ ವರ್ಕ್‌ಶಾಪ್‌ಗಳನ್ನು ತೋರಿಸುವ ಯೂಟ್ಯೂಬ್ ವಿಡಿಯೊಗಳು ಈ ಆಸೆಗೆ ನೀರೆರೆಯುತ್ತವೆ. "ಇದಕ್ಕೆಲ್ಲ ಇಂಜಿನಿಯರ್ ಯಾಕೆ? ಒಬ್ಬ ಒಳ್ಳೆ ಮೇಸ್ತ್ರಿ, ಒಂದು ದಿನದ ಜೆಸಿಬಿ ಸಾಕು" ಎಂಬ ಮಾತೂ ಜೊತೆಗೆ ಬರುತ್ತದೆ.

ಈ ಲೆಕ್ಕಾಚಾರದಲ್ಲಿ ಒಂದು ವಿಷಯ ಬಿಟ್ಟುಹೋಗುತ್ತದೆ. ಮನೆಯ ಕೆಳಗೆ ಮತ್ತು ಅಕ್ಕಪಕ್ಕದಲ್ಲಿ ಇರುವ ಮಣ್ಣು ಸುಮ್ಮನೆ ಬಿದ್ದಿರುವುದಿಲ್ಲ. ಅದು ಈಗಾಗಲೇ ನಿಮ್ಮ ಮನೆಯನ್ನು ಹೊತ್ತು ನಿಂತಿದೆ. ಅದನ್ನು ತೆಗೆದಾಗ ಏನಾಗುತ್ತದೆ? ನೆಲಮಾಳಿಗೆಯ ಬಗ್ಗೆ ಕೇಳಿಬರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

"ಅಮೆರಿಕದಲ್ಲಿ ಮನೆಮನೆಗೂ ಇದೆ, ನಮ್ಮಲ್ಲಿ ಯಾಕಾಗದು?"

ಅಮೆರಿಕದ ಎಲ್ಲ ಕಡೆ ಬೇಸ್‌ಮೆಂಟ್ ಇಲ್ಲ. ಅದು ಹೆಚ್ಚಾಗಿರುವುದು ಚಳಿ ಪ್ರದೇಶಗಳಲ್ಲಿ. ಚಳಿಗಾಲದಲ್ಲಿ ಅಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಮಣ್ಣು ಮೇಲಕ್ಕೆ ಉಬ್ಬುತ್ತದೆ. ಪಾಯ ಮೇಲುಮೇಲಕ್ಕೆ ಇದ್ದರೆ ಮನೆಯನ್ನೇ ಎತ್ತಿಬಿಡುತ್ತದೆ. ಹಾಗಾಗಿ ಹೆಪ್ಪುಗಟ್ಟದ ಆಳದವರೆಗೆ ಪಾಯ ಇಳಿಸಲೇಬೇಕು. ಮಿನ್ನೆಸೋಟದಂಥ ರಾಜ್ಯದಲ್ಲಿ ಆ ಆಳ 3.5ರಿಂದ 5 ಅಡಿ. ಹೇಗೂ ಅಷ್ಟು ಅಗೆಯಬೇಕು ಎಂದಾದಾಗ, ಇನ್ನೂ ಕೆಲವು ಅಡಿ ಅಗೆದು ಒಂದು ಕೋಣೆಯನ್ನೇ ಪಡೆಯುವುದು ಲಾಭದ ಮಾತು.

ಮುಖ್ಯ ವ್ಯತ್ಯಾಸ ಏನೆಂದರೆ, ಅಲ್ಲಿ ಮೊದಲು ಗುಂಡಿ, ಆಮೇಲೆ ಮನೆ. ವಿಡಿಯೊದಲ್ಲಿ ಕಾಣುವ ವರ್ಕ್‌ಶಾಪ್ ಬಹುಪಾಲು ಮೊದಲೇ ಇದ್ದ ಬೇಸ್‌ಮೆಂಟ್‌ನ ಒಳಗಿನ ಅಲಂಕಾರ. ನಾವು ಮಾಡಹೊರಟಿರುವುದು ನಿಂತಿರುವ ಮನೆಯ ಪಕ್ಕದಲ್ಲೇ, ಅದರ ಪಾಯಕ್ಕಿಂತ ಆಳವಾಗಿ ತೋಡುವ ಕೆಲಸ. ಎರಡಕ್ಕೂ ಹೋಲಿಕೆ ಇಲ್ಲ.

"ಪಕ್ಕದಲ್ಲಿ ತಾನೇ ತೋಡುವುದು, ಮನೆಯ ಕೆಳಗಲ್ಲವಲ್ಲ!"

ಮನೆಯ ಭಾರ ಪಾಯದಿಂದ ನೇರವಾಗಿ ಕೆಳಕ್ಕೆ ಮಾತ್ರ ಇಳಿಯುವುದಿಲ್ಲ, ಇಳಿಯುತ್ತಾ ಪಕ್ಕಕ್ಕೂ ಹರಡುತ್ತದೆ. ರಾಗಿ ರಾಶಿಯ ಬುಡ ಅಗಲವಾಗಿರುವಂತೆ ಕಲ್ಪಿಸಿಕೊಳ್ಳಿ. ಈ ಹರಡುವಿಕೆಗೆ ಪಾಯದ ಅಂಚಿನಿಂದ 45 ಡಿಗ್ರಿ ಓರೆಯಾಗಿ ಒಂದು ಗೆರೆ ಎಳೆಯುವುದು ಕಟ್ಟಡ ಕೆಲಸದ ಹಳೆಯ ಅಂದಾಜು. ಆ ಗೆರೆಯ ಒಳಗಿನ ಮಣ್ಣನ್ನು ಮುಟ್ಟಬಾರದು. ಸಡಿಲ ಮಣ್ಣಾದರೆ ಇನ್ನೂ ಹೆಚ್ಚು ದೂರ ಬಿಡಬೇಕು.

ಒಂದು ಲೆಕ್ಕ ನೋಡಿ. ನಿಮ್ಮ ಮನೆಯ ಸೈಜುಗಲ್ಲಿನ ಪಾಯ 4 ಅಡಿ ಆಳದಲ್ಲಿದೆ, ನೆಲಮಾಳಿಗೆಗೆ 10 ಅಡಿ ತೋಡಬೇಕು ಎಂದಿಟ್ಟುಕೊಳ್ಳಿ. ವ್ಯತ್ಯಾಸ 6 ಅಡಿ. ಅಂದರೆ ಪಾಯದ ಅಂಚಿನಿಂದ ಕನಿಷ್ಠ 6 ಅಡಿ ದೂರ ಬೇಕು. ನಗರದ ಸಣ್ಣ ನಿವೇಶನದಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಇರುವುದೇ ಮೂರ್ನಾಲ್ಕು ಅಡಿ. ಕಾಂಪೌಂಡಿನ ಆಚೆ ಪಕ್ಕದವರ ಪಾಯವೂ ಇದೆ ಎಂಬುದನ್ನು ಮರೆಯಬೇಡಿ. ಒಬ್ಬರ ನೆಲಕ್ಕೆ ಪಕ್ಕದ ನೆಲದ ಮಣ್ಣು ಸಹಜವಾಗಿ ಕೊಡುವ ಆಧಾರವನ್ನು 1882ರ ಈಸ್‌ಮೆಂಟ್ಸ್ ಕಾಯ್ದೆ ಒಂದು ಹಕ್ಕೆಂದೇ ಹೆಸರಿಸಿದೆ.

ಹತ್ತಿರದಲ್ಲೇ ತೋಡಲೇಬೇಕಾದರೆ ಅದಕ್ಕೂ ಒಂದು ವಿಧಾನವಿದೆ, ಅಂಡರ್‌ಪಿನ್ನಿಂಗ್. ಹಳೆಯ ಪಾಯದ ಕೆಳಗೆ ಮೂರ್ನಾಲ್ಕು ಅಡಿ ಅಗಲದ ಒಂದು ತುಂಡನ್ನು ಮಾತ್ರ ಅಗೆದು, ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ತುಂಡಿಗೆ ಹೋಗುವುದು. ಪಕ್ಕಪಕ್ಕದ ತುಂಡುಗಳನ್ನು ಒಟ್ಟಿಗೆ ತೆರೆಯುವಂತಿಲ್ಲ. ವಾರಗಟ್ಟಲೆ ಹಿಡಿಯುವ, ರಚನಾ ಇಂಜಿನಿಯರ್ ಪಕ್ಕದಲ್ಲಿ ನಿಂತು ಮಾಡಿಸಬೇಕಾದ ಕೆಲಸ ಇದು. ಜೆಸಿಬಿ ಒಂದೇ ದಿನದಲ್ಲಿ ಉದ್ದಕ್ಕೂ ತೋಡಿಹಾಕುವುದು ಇದಕ್ಕೆ ಪೂರ್ತಿ ವಿರುದ್ಧ.

"ನಮ್ಮ ಮಣ್ಣು ಗಟ್ಟಿ, ಗೋಡೆಯಂತೆ ನಿಲ್ಲುತ್ತದೆ"

ಕೆಂಪು ಮಣ್ಣಿನ ಗುಂಡಿ ಬೇಸಿಗೆಯಲ್ಲಿ ನಿಜಕ್ಕೂ ನೆಟ್ಟಗೆ ನಿಲ್ಲುತ್ತದೆ. ಆದರೆ ಈ ಗಟ್ಟಿತನದ ಒಂದು ಪಾಲು ಸಾಲ ತಂದದ್ದು. ಮಣ್ಣಿನ ಕಣಗಳ ನಡುವೆ ಇರುವ ಅಲ್ಪ ತೇವ ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಕಡಲತೀರದಲ್ಲಿ ಮಕ್ಕಳು ಕಟ್ಟುವ ಮರಳಿನ ಗುಡಿ ನಿಲ್ಲುವುದೂ ಹೀಗೆಯೇ. ಅಲೆ ಬಂದು ಮರಳು ಪೂರ್ತಿ ನೆನೆದರೆ ಆ ಹಿಡಿತ ತಪ್ಪಿ ಗುಡಿ ಕುಸಿಯುತ್ತದೆ. ಗುಂಡಿಯ ಗೋಡೆಗೂ ಒಂದು ಜೋರು ಮಳೆ ಅಥವಾ ಒಡೆದ ಪೈಪು ಸಾಕು. ಮೂರು ದಿನ ನಿಂತಿತು ಎಂಬುದು ನಾಲ್ಕನೇ ದಿನಕ್ಕೆ ಖಾತರಿಯಲ್ಲ.

ಧಾರವಾಡ, ಗದಗ, ವಿಜಯಪುರದ ಎರೆಮಣ್ಣಿನ ಸ್ವಭಾವ ಬೇರೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ನೆಲಮಾಳಿಗೆಯ ಗೋಡೆಯನ್ನು ಪ್ರತಿ ಮಳೆಗಾಲ ಒಳಕ್ಕೆ ತಳ್ಳುತ್ತದೆ.

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಎದೆಯ ಮಟ್ಟ ಹೂತುಹೋದವರಿಗೆ ತಲೆ ಹೊರಗಿದ್ದರೂ ಉಸಿರಾಡಲು ಆಗದಿರಬಹುದು. ಪ್ರತಿ ಸಲ ಉಸಿರು ಬಿಟ್ಟಾಗ ಎದೆ ಕುಗ್ಗಿದ ಜಾಗವನ್ನು ಮಣ್ಣು ತುಂಬಿಕೊಳ್ಳುತ್ತದೆ, ಮತ್ತೆ ಹಿಗ್ಗಲು ಬಿಡುವುದಿಲ್ಲ. ಅದಕ್ಕೇ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ, ಗಟ್ಟಿ ಬಂಡೆಯಲ್ಲದ ಕಡೆ 5 ಅಡಿ ಅಥವಾ ಅದಕ್ಕಿಂತ ಆಳದ ಗುಂಡಿಗೆ ಇಳಿಯುವ ಮೊದಲು ಬದಿಗಳಿಗೆ ಆಸರೆ ಕೊಡಬೇಕು ಇಲ್ಲವೇ ಬದಿಗಳನ್ನು ಓರೆಯಾಗಿ ಕಡಿಯಬೇಕು. ಅಗೆದ ಮಣ್ಣನ್ನು ಗುಂಡಿಯ ಅಂಚಿನಿಂದ 2 ಅಡಿಯಾದರೂ ದೂರ ಹಾಕಬೇಕು.

"ವಾಟರ್‌ಪ್ರೂಫ್ ಬಳಿದರೆ ಆಯಿತು"

ಮಳೆಗಾಲದಲ್ಲಿ ಸುತ್ತಲಿನ ಮಣ್ಣು ನೀರು ತುಂಬಿಕೊಂಡರೆ ನೆಲಮಾಳಿಗೆ ನೀರಿನಲ್ಲಿ ಮುಳುಗಿಸಿಟ್ಟ ಡಬ್ಬಿಯಂತಾಗುತ್ತದೆ. ನೀರು ನೆಲದ ಮಟ್ಟದವರೆಗೆ ನಿಂತರೆ, 8 ಅಡಿ ಎತ್ತರ, 10 ಅಡಿ ಉದ್ದದ ಗೋಡೆಯ ಮೇಲೆ ನೀರೊಂದೇ ಸುಮಾರು 9 ಟನ್ ಬಲ ಹಾಕುತ್ತದೆ. ಮಣ್ಣಿನ ಒತ್ತಡ ಅದಕ್ಕೆ ಸೇರಿಕೊಳ್ಳುತ್ತದೆ. 10x12 ಅಡಿಯ ನೆಲವನ್ನು ಕೆಳಗಿನಿಂದ ಸುಮಾರು 27 ಟನ್ ಬಲ ಮೇಲಕ್ಕೆ ಒತ್ತುತ್ತದೆ. ಇಟ್ಟಿಗೆ ಅಥವಾ ಬ್ಲಾಕಿನ ಗೋಡೆ ಮೇಲಿನ ಭಾರ ಹೊರುತ್ತದೆ, ಆದರೆ ಪಕ್ಕದ ತಳ್ಳುವಿಕೆಗೆ ಬಾಗಿ ಬಿರಿಯುತ್ತದೆ. ಇಲ್ಲಿ ಬೇಕಾಗಿರುವುದು ಲೆಕ್ಕ ಹಾಕಿ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಗೋಡೆ.

ಒಳಗಿನಿಂದ ಬಳಿಯುವ ರಾಸಾಯನಿಕವನ್ನು ನೀರು ಹಿಂದಿನಿಂದ ತಳ್ಳಿ ಎಬ್ಬಿಸುತ್ತದೆ. ಹೊರಗಿನಿಂದ ಹಾಕಿದ ಪದರವನ್ನು ಅದೇ ನೀರು ಗೋಡೆಗೆ ಒತ್ತಿ ಹಿಡಿಯುತ್ತದೆ. ಆದ್ದರಿಂದ ವಾಟರ್‌ಪ್ರೂಫಿಂಗ್ ಮತ್ತು ನೀರು ಬಸಿದುಹೋಗುವ ವ್ಯವಸ್ಥೆ ಎರಡೂ ಗುಂಡಿ ಮುಚ್ಚುವ ಮೊದಲೇ ಆಗಬೇಕು.

"ನೀರು ನುಗ್ಗಿದರೆ ಮೇಲೆ ಹತ್ತಿ ಬಂದರಾಯಿತು"

ಮೂರಡಿ ಅಗಲದ ಬಾಗಿಲಿನ ಹೊರಗೆ ಎರಡಡಿ ನೀರು ನಿಂತರೆ ಬಾಗಿಲ ಮೇಲೆ ಸುಮಾರು 170 ಕೆ.ಜಿ. ಬಲ ಬೀಳುತ್ತದೆ. ಮೂರಡಿ ನಿಂತರೆ 380 ಕೆ.ಜಿ. ಹಿಡಿಯ ಬಳಿ ತಳ್ಳಿದರೂ ಅದರ ಅರ್ಧದಷ್ಟು ಬಲ ಬೇಕು. ಹೊರಕ್ಕೆ ತೆರೆಯುವ ಬಾಗಿಲನ್ನು ಒಬ್ಬರೇ ತಳ್ಳಿ ತೆರೆಯುವುದು ಅಸಾಧ್ಯ.

2021ರ ಸೆಪ್ಟೆಂಬರ್‌ನಲ್ಲಿ ಐಡಾ ಚಂಡಮಾರುತದ ಮಳೆಗೆ ನ್ಯೂಯಾರ್ಕ್ ನಗರದಲ್ಲಿ 11 ಮಂದಿ ಬೇಸ್‌ಮೆಂಟ್ ಮನೆಗಳಲ್ಲೇ ಮುಳುಗಿ ಸತ್ತರು. 2024ರ ಜುಲೈನಲ್ಲಿ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಸಾಮಾನು ಇಡಲು ಅನುಮತಿ ಪಡೆದಿದ್ದ ಜಾಗದಲ್ಲಿ ಓದುವ ಕೋಣೆ ನಡೆಯುತ್ತಿತ್ತು. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯ ಬಳಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ತುಂಬಿದ ನೀರನ್ನು ಪಂಪಿನಿಂದ ಹೊರಹಾಕುವಾಗ ವಿದ್ಯುತ್ ತಗುಲಿ ಒಬ್ಬ ಹಿರಿಯರು ಮತ್ತು ಒಬ್ಬ ಬಾಲಕ ಸತ್ತರು. ಮೋಟರು, ಕಟರ್, ಎಕ್ಸ್‌ಟೆನ್ಷನ್ ಬೋರ್ಡುಗಳಿರುವ ವರ್ಕ್‌ಶಾಪ್‌ಗೆ ಈ ಕೊನೆಯ ಘಟನೆ ಎಲ್ಲಕ್ಕಿಂತ ಹತ್ತಿರದ್ದು.

"ಕಿಟಕಿ ಇಲ್ಲದಿದ್ದರೇನು, ಒಂದು ಫ್ಯಾನ್ ಇದೆಯಲ್ಲ"

ಫ್ಯಾನ್ ಗಾಳಿಯನ್ನು ತಿರುಗಿಸುತ್ತದೆ ಅಷ್ಟೇ, ಬದಲಾಯಿಸುವುದಿಲ್ಲ. ಪೆಟ್ರೋಲ್, ಥಿನ್ನರ್, ಎಲ್‌ಪಿಜಿ ಆವಿಗಳು ಗಾಳಿಗಿಂತ ಭಾರ. ಮೇಲಿನ ಅಡುಗೆಮನೆಯಲ್ಲಿ ಸೋರಿದ ಗ್ಯಾಸ್ ಕೂಡ ಕೆಳಗಿಳಿದು ನೆಲಮಾಳಿಗೆಯಲ್ಲಿ ಕೂರಬಹುದು. ಅಲ್ಲಿ ಸ್ವಿಚ್ಚಿನ ಒಂದು ಕಿಡಿ ಸಾಕು. ಜನರೇಟರ್ ಉಗುಳುವ ಕಾರ್ಬನ್ ಮೊನಾಕ್ಸೈಡ್ ಭಾರವಾದ್ದರಿಂದ ನೆಲದ ಮೇಲೆ ಮಾತ್ರ ಇರುತ್ತದೆ ಎನ್ನುವವರಿದ್ದಾರೆ. ಅದು ತಪ್ಪು. ಅದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ವಾಸನೆಯಿಲ್ಲದೆ ಕೋಣೆಯ ತುಂಬ ಬೆರೆಯುತ್ತದೆ. ಮರದ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿದೆ. ಒಳಗಿನ ಗಾಳಿಯನ್ನು ಹೊರಗೆ ಎಳೆಯುವ ಎಕ್ಸಾಸ್ಟ್, ಹೊರಗಿನ ಗಾಳಿ ಒಳಬರುವ ದಾರಿ, ಎರಡೂ ಬೇಕು.

ಹಾಗಾದರೆ ತೋಡಲೇಬಾರದೇ?

ತೋಡಬಹುದು. ಯಾವ ಕೆಲಸ ನಮ್ಮದು, ಯಾವುದು ನಮ್ಮದಲ್ಲ ಎಂದು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಮಣ್ಣು ಪರೀಕ್ಷೆ, ಹಳೆಯ ಪಾಯದ ಆಳದ ತಪಾಸಣೆ, ಗೋಡೆ ಮತ್ತು ಪಾಯದ ವಿನ್ಯಾಸ, ಅಗೆತದ ಕ್ರಮ ಇವೆಲ್ಲ ರಚನಾ ಇಂಜಿನಿಯರ್ ಕೆಲಸ. ಸ್ಥಳೀಯ ಸಂಸ್ಥೆಯ ಅನುಮತಿಯಲ್ಲಿ ನೆಲಮಾಳಿಗೆಯನ್ನು ಯಾವ ಬಳಕೆಗೆ ಎಂದು ಬರೆದಿದೆಯೋ ಅದಕ್ಕೇ ಬಳಸಬೇಕು. ವಿದ್ಯುತ್ ಬೋರ್ಡು ಮೇಲಿನ ಅಂತಸ್ತಿನಲ್ಲಿರಲಿ, ಆರ್‌ಸಿಸಿಬಿ ಇರಲಿ, ಹೊರಬರಲು ಎರಡನೇ ದಾರಿ ಇರಲಿ. ಮೆಟ್ಟಿಲಿನ ಬಾಯಿ ರಸ್ತೆಗಿಂತ ಎತ್ತರದಲ್ಲಿರಲಿ. ಅಗೆತವನ್ನು ಮಳೆಗಾಲಕ್ಕೆ ಮೊದಲೇ ಮುಗಿಸಿ. ಶುರು ಮಾಡುವ ಮುನ್ನ ನಿಮ್ಮ ಮತ್ತು ಪಕ್ಕದ ಮನೆಯ ಗೋಡೆಗಳಲ್ಲಿರುವ ಬಿರುಕುಗಳ ಫೋಟೊ ತೆಗೆದಿಡಿ. ಕೆಲಸದ ನಡುವೆ ಹೊಸ ಬಿರುಕು ಕಂಡರೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿದರೆ ಅಗೆಯುವುದನ್ನು ನಿಲ್ಲಿಸಿ, ಮನೆಯಿಂದ ಹೊರಬಂದು ಇಂಜಿನಿಯರನ್ನು ಕರೆಸಿ.

ಕಪಾಟು, ಮೇಜು, ಬಣ್ಣ, ಹಲಗೆ, ಉಪಕರಣ ಜೋಡಿಸುವುದು ಇವು ಯಾವ ಭಯವೂ ಇಲ್ಲದೆ ನೀವೇ ಮಾಡಬಹುದಾದ ಕೆಲಸ. ನಿವೇಶನದಲ್ಲಿ ಜಾಗವಿದ್ದರೆ ಇದೇ ವರ್ಕ್‌ಶಾಪನ್ನು ನೆಲದ ಮೇಲೆ, ಶೀಟಿನ ಸೂರಿನಡಿ ಕಟ್ಟಿಕೊಳ್ಳುವ ದಾರಿಯೂ ಇದೆ. ಅಲ್ಲಿ ಗಾಳಿ, ಬೆಳಕು ಪುಕ್ಕಟೆ. ಮನೆ ಹೊತ್ತ ಮಣ್ಣೂ ಇದ್ದಲ್ಲೇ ಇರುತ್ತದೆ.