ಸೆಮಿನಾರ್ ಕೇಳಿ ಷೇರು ಕೊಳ್ಳುವವರಿಗೆ

ಎಂಐಟಿಯ ನ್ಯಾನೊ ಕೇಂದ್ರದಲ್ಲಿ ಸೆಮಿನಾರ್ ಕೇಳಿ ಬಂದ ಗೆಳೆಯರೊಬ್ಬರು ಮೊನ್ನೆ, "401ಕೆಯಿಂದ ಸಾಲ ತೆಗೆದು ನ್ಯಾನೊ ಷೇರಿಗೆ ಹಾಕಲೇ?" ಎಂದರು. ಬೇಡವೇ ಬೇಡ ಎಂದೆ.

ಎ123 ಸಿಸ್ಟಮ್ಸ್ ನೆನಪಿದೆಯೇ? ಎಂಐಟಿಯ ಸಂಶೋಧನೆಯಿಂದಲೇ 2001ರಲ್ಲಿ ಹುಟ್ಟಿದ ಬ್ಯಾಟರಿ ಕಂಪನಿ. 2009ರ ಐಪಿಒದಲ್ಲಿ ಷೇರಿಗೆ 13.50 ಡಾಲರ್; ಮೊದಲ ದಿನವೇ 20 ದಾಟಿತು. 2012ರ ಅಕ್ಟೋಬರಿನಲ್ಲಿ ದಿವಾಳಿ! ವಿಜ್ಞಾನವೇನೂ ಸುಳ್ಳಾಗಿರಲಿಲ್ಲ. ಇಂದು ಎಷ್ಟೋ ಎಲೆಕ್ಟ್ರಿಕ್ ಕಾರುಗಳು ಓಡುತ್ತಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲೇ. ಪೆಟ್ಟು ಬಿದ್ದದ್ದು ಕಾರ್ಖಾನೆಯಲ್ಲಿ: ದೋಷವಿದ್ದ ಸೆಲ್‌ಗಳು, ಅವನ್ನು ಬದಲಿಸಿಕೊಡುವ ಖರ್ಚು, ಸಾಲದ ಗಿರಾಕಿ.

ಸೆಮಿನಾರಿಗೆ ಖಂಡಿತ ಹೋಗಿ, ನಾನೂ ಹೋಗುತ್ತೇನೆ. ಕೊನೆಯಲ್ಲಿ ಕೈ ಎತ್ತಿ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಒಂದು ಗ್ರಾಂ ಮಾಡಿದ್ದನ್ನು ಒಂದು ಟನ್ ಮಾಡಲು ಎಷ್ಟು ಖರ್ಚು? ಉತ್ತರ ಸಿಗುವವರೆಗೆ ನಿವೃತ್ತಿಯ ದುಡ್ಡು ಇದ್ದಲ್ಲೇ ಇರಲಿ.