'ವೀಕ್' ಅಂದರೆ ಯಾವ ಕಾಯಿಲೆ? ಬಾಟಲಿ ಹಚ್ಚಿದರೆ ಶಕ್ತಿ ಬರುತ್ತದೆಯೇ?

"ವೀಕ್ನೆಸ್ ಇದೆಯೇ? ಏಳು ದಿನ ಈ ಜ್ಯೂಸ್ ಕುಡಿಯಿರಿ" ಎಂಬ ಧಾಟಿಯ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಮುಂದೆ ಕಳಿಸುವ ಮೊದಲು 'ವೀಕ್' ಎಂಬ ಆ ಪದವನ್ನೇ ಸ್ವಲ್ಪ ನೋಡೋಣ.

ಬೀದರ್ ಜಿಲ್ಲೆಯ ಹುಲಸೂರ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ಅಲ್ಲಿ ಕನ್ನಡದವರು ಅಶಕ್ತಿ, ನಿತ್ರಾಣ ಅಂತಾರೆ. ಉರ್ದುವಿನಲ್ಲಿ ಅದು ಕಮಜೋರಿ, ಮರಾಠಿಯಲ್ಲಿ ಅಶಕ್ತಪಣಾ. ದವಾಖಾನೆ ಮೆಟ್ಟಿಲು ಹತ್ತಿದ ಕೂಡಲೇ ಇವೆಲ್ಲ ಸೇರಿ ಒಂದೇ ಪದವಾಗುತ್ತವೆ: "ಡಾಕ್ಟರ್, ಭಾಳ ವೀಕ್ ಆಗೀನ್ರಿ."

ಇಂಗ್ಲಿಷಿನ ಈ ಪದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಅಲ್ಲಿ ಅದಕ್ಕೆ 'ಬಾಗುವ, ಮೆತ್ತಗಿನ' ಎಂಬ ಅರ್ಥವೂ ಇತ್ತು. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಇನ್ನೂ ಬಿಗಿಯಾದ ಅರ್ಥವಿದೆ. ಸ್ನಾಯುವಿನ ಬಲವೇ ಕುಗ್ಗಿ, ಕೈ ಎತ್ತಲು ಹೋದರೂ ಏಳದಿದ್ದರೆ ಅದು ವೀಕ್ನೆಸ್. ಕೆಲಸ ಮಾಡಲು ಮನಸ್ಸಾಗದಿರುವುದು, ಬೇಗ ದಣಿಯುವುದು ಸುಸ್ತು. ನಾವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೇವೆ.

ಇದರಿಂದ ಆಗುವ ಅಪಾಯ ಸಣ್ಣದಲ್ಲ. ಇದ್ದಕ್ಕಿದ್ದಂತೆ ಒಂದು ಕಡೆಯ ಕೈಕಾಲು ಸೋತರೆ, ಬಾಯಿ ವಾರೆಯಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಆಗಿರಬಹುದು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗಿನ ಸಮಯ ಮಾತ್ರ ಇರುತ್ತದೆ. ಅದರಲ್ಲೇ ಸ್ಕ್ಯಾನ್ ಕೂಡ ಆಗಬೇಕು. ಮನೆಯವರು "ವೀಕ್ ಆಗ್ಯಾರ, ಮಲಗಲಿ ಬಿಡು" ಅಂದುಕೊಂಡರೆ ಆ ಸಮಯ ಕೈ ಜಾರುತ್ತದೆ. ತಕ್ಷಣ 108ಕ್ಕೆ ಕರೆ ಮಾಡಬೇಕು.

ಇನ್ನು ಬಾಟಲಿಯ ವಿಷಯ. ನಮ್ಮ ಕಡೆ "ಒಂದ್ ಸಲೈನ್ ಹಚ್ಚರಿ" ಎಂದು ರೋಗಿಯೇ ಕೇಳುವುದುಂಟು. ಅರ್ಧ ಲೀಟರಿನ ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಹೆಚ್ಚೆಂದರೆ 100 ಕ್ಯಾಲೊರಿ. ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ! ನಾರ್ಮಲ್ ಸಲೈನ್ ಆದರೆ ನಾಲ್ಕೂವರೆ ಗ್ರಾಂ ಉಪ್ಪು ಬೆರೆತ ನೀರು, ಕ್ಯಾಲೊರಿ ಸೊನ್ನೆ. ವಾಂತಿಭೇದಿಯಾಗಿ ನೀರೂ ನಿಲ್ಲದಿದ್ದಾಗ ಇದೇ ಬಾಟಲಿ ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಉಣ್ಣಲು ಆಗುವವರಿಗೆ ಅದು ಶಕ್ತಿಯ ಔಷಧವಲ್ಲ. ಗೊತ್ತಿಲ್ಲದೆ ಸಕ್ಕರೆ ಕಾಯಿಲೆ ಇದ್ದು, ಅದರಿಂದಲೇ ಸುಸ್ತಾದವರಿಗೆ ಗ್ಲೂಕೋಸ್ ಏರಿಸಿದರೆ ಏನಾದೀತು, ಯೋಚಿಸಿ.

ಸುಸ್ತಿನ ಹಿಂದೆ ಬಹಳ ಸಲ ಇರುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದಿತ್ತು. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಬೀಟ್‌ರೂಟ್ ಕೆಂಪಗಿದೆ ಎಂದ ಮಾತ್ರಕ್ಕೆ ರಕ್ತವಾಗುವುದಿಲ್ಲ. ಆ ಬಣ್ಣಕ್ಕೂ ಕಬ್ಬಿಣಾಂಶಕ್ಕೂ ಸಂಬಂಧವಿಲ್ಲ, 100 ಗ್ರಾಂ ಬೀಟ್‌ರೂಟಿನಲ್ಲಿ ಸುಮಾರು ಒಂದು ಮಿಲಿಗ್ರಾಂ ಕಬ್ಬಿಣ ಅಷ್ಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ, ದೊಡ್ಡವರ ಕಬ್ಬಿಣದ ಗುಳಿಗೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಮಲ ಕಪ್ಪಾಯಿತೆಂದು ಹೆದರಿ ಬಿಡುವವರು ಬಹಳ, ಅದು ಗುಳಿಗೆಯಿಂದ ಆಗುವ ಸಹಜ ಬದಲಾವಣೆ. ಚಹಾದ ಜೊತೆ ಮಾತ್ರ ನುಂಗಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಜೊತೆಗಿದ್ದರೆ ಕ್ಷಯ ಇದೆಯೇ ಎಂದು ಕಫ ಪರೀಕ್ಷೆ ಮಾಡಿಸಬೇಕು. ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಥೈರಾಯ್ಡ್ ಇರಬಹುದು. ಮನಸ್ಸಿನ ಖಿನ್ನತೆಯೂ ಎಷ್ಟೋ ಸಲ 'ಕಮಜೋರಿ' ಎಂಬ ಹೆಸರಿನಲ್ಲೇ ದವಾಖಾನೆಗೆ ಬರುತ್ತದೆ. ಅದಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಮುಂದಿನ ಸಲ ಡಾಕ್ಟರ ಎದುರು 'ವೀಕ್' ಅಂದು ನಿಲ್ಲಿಸಬೇಡಿ. ಮೆಟ್ಟಿಲು ಹತ್ತಿದರೆ ದಮ್ಮು ಹತ್ತುತ್ತದೆ, ಎಡಗೈಯಲ್ಲಿ ಚೊಂಬು ಹಿಡಿಯಲು ಆಗುವುದಿಲ್ಲ, ಮುಟ್ಟಿನಲ್ಲಿ ರಕ್ತ ಬಹಳ ಹೋಗುತ್ತದೆ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತೇನೆ, ಹೀಗೆ ಏನಾಗುತ್ತಿದೆಯೋ ಅದನ್ನೇ ಹೇಳಿ. ಕನ್ನಡ, ಉರ್ದು, ಮರಾಠಿ, ಯಾವುದರಲ್ಲಾದರೂ ಸರಿ.