ಅಂಗಸಾಧನೆಯಲ್ಲಿ ಆಯ್ಕೆಯ ಪ್ರಶ್ನೆ

ಬೆಳಗಾವಿಯಿಂದ ವೆಂಗುರ್ಲಾ ರಸ್ತೆಯನ್ನು ಹಿಡಿದು ಮುಂಜಾವಿನಲ್ಲಿ ಹಿಂಡಲಗಾದ ಕಡೆಗೆ ಹೊರಟವನಿಗೆ ಎರಡು ಬಗೆಯ ಶರೀರಗಳು ಕಣ್ಣಿಗೆ ಬೀಳುವವು. ಒಂದು, ದಂಡಿನ ಪ್ರದೇಶದಲ್ಲಿ ಶಿಕ್ಷಣ ಪಡೆಯುತ್ತಿರುವ ತರುಣ ಸಿಪಾಯಿಯದು. ಇನ್ನೊಂದು, ವೈದ್ಯರ ಅಪ್ಪಣೆಯಂತೆ ಕೈಬೀಸಿ ನಡೆಯುತ್ತಿರುವ ಕಚೇರಿಯ ಗೃಹಸ್ಥನದು. ಈತನ ತೋಳು ಸಣ್ಣದು, ಉದರ ಮಾತ್ರ ವಿಶಾಲವಾದದ್ದು. ನಮ್ಮ ವಾಚಕರಲ್ಲಿ ಬಹುಜನರು ಈ ಎರಡನೆಯ ವರ್ಗದವರೇ ಆಗಿರುವುದರಿಂದ, ಕೊಬ್ಬನ್ನು ಇಳಿಸಿ ಮಾಂಸಖಂಡಗಳನ್ನು ಬೆಳೆಸಲು ಯಾವ ಅಂಗಸಾಧನೆಯ ಕ್ರಮವನ್ನು ಆರಿಸಬೇಕೆಂಬ ಪ್ರಶ್ನೆಯನ್ನು ಎತ್ತಿಕೊಂಡರೆ ಅಪ್ರಸ್ತುತವಾಗಲಾರದು.

ತೂಕದ ಯಂತ್ರವು ಈ ವಿಷಯದಲ್ಲಿ ನಂಬಿಗಸ್ತ ಸಾಕ್ಷಿಯಲ್ಲ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ ಮತ್ತು ಇಂಗ್ಲೆಂಡಿನ ವೈದ್ಯ ಜಾನ್ ಯುಡ್ಕಿನ್ ಇವರು ತಮ್ಮ ದೇಹಗಳನ್ನೇ ಉದಾಹರಣೆಯಾಗಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಜಗತ್ತಿನ ಮುಂದಿಟ್ಟರು. ಎತ್ತರಕ್ಕೆ ಹೋಲಿಸಿದ ತೂಕದ ಅಂಕವು ಇಬ್ಬರದೂ 22.3; ಆದರೆ ಕೊಬ್ಬಿನ ಪ್ರಮಾಣವು ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ತೆಳ್ಳಗೆ ತೋರುವ ಭಾರತೀಯನೂ ಒಳಗೆ ಕೊಬ್ಬನ್ನು ಹೊತ್ತಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ, ದೇಶದ ವಯಸ್ಕರಲ್ಲಿ ಶೇಕಡಾ 39.5 ಜನರಿಗೆ ಹೊಟ್ಟೆಯ ಬೊಜ್ಜಿರುವುದು ತಿಳಿದುಬಂದಿತು. ಆದುದರಿಂದ ಮೊದಲು ಒಂದು ಅಳತೆಪಟ್ಟಿಯನ್ನು ಕೊಳ್ಳಿರಿ. ಸೊಂಟದ ಸುತ್ತು ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು ಮುಟ್ಟಿದರೆ ಎಚ್ಚರಗೊಳ್ಳತಕ್ಕದ್ದು.

ಹೀಗಿರಲು, ಕೇವಲ ನಡಿಗೆಯಿಂದ ಕಾರ್ಯಸಿದ್ಧಿಯಾಗದು. ನಡಿಗೆಯು ಹೃದಯಕ್ಕೆ ಹಿತವಾದರೂ ತೋಳು-ಭುಜಗಳನ್ನು ಬೆಳೆಸುವುದಿಲ್ಲ. ಕೇವಲ ಉಪವಾಸವೂ ಅನರ್ಥಕರವೇ. ದೇಹವು ಕೊಬ್ಬಿನ ಜೊತೆಗೆ ಮಾಂಸಖಂಡವನ್ನೂ ಕಳೆದುಕೊಳ್ಳುವುದು. (ಏಕಾದಶಿಯ ಉಳಿತಾಯವನ್ನು ದ್ವಾದಶಿಯ ಊಟವು ಬಡ್ಡಿಸಹಿತ ತೀರಿಸುವುದನ್ನು ನಾವೆಲ್ಲರೂ ಕಂಡವರೇ.) ಹೊಟ್ಟೆಗೆ ವ್ಯಾಯಾಮ ಕೊಟ್ಟರೆ ಹೊಟ್ಟೆಯ ಕೊಬ್ಬೇ ಕರಗೀತೆಂಬುದು ಬರಿಯ ಭ್ರಮೆ.

ಸರಿಯಾದ ಮಾರ್ಗವು ನಮ್ಮ ಸೀಮೆಗೆ ಹೊಸದಲ್ಲ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ರೈತನ ಮಗನು ಮೊದಲ ದಿನವೇ ದೊಡ್ಡ ಕಲ್ಲಿಗೆ ಕೈಹಾಕುವುದಿಲ್ಲ. ಸಣ್ಣ ಗುಂಡು ಹೆಗಲೇರಿದ ತರುವಾಯ ತುಸು ದೊಡ್ಡದು, ಅನಂತರ ಅದಕ್ಕೂ ದೊಡ್ಡದು. ಆಧುನಿಕ ಶರೀರಶಾಸ್ತ್ರವು ಹೇಳುವುದೂ ಇದನ್ನೇ: ಶ್ರಮವು ಕ್ರಮೇಣ ಏರದಿದ್ದರೆ ಸ್ನಾಯುವಿಗೆ ಬೆಳೆಯಲು ಕಾರಣವೇ ಇಲ್ಲ. ಐವತ್ತು ದಂಡಗಳನ್ನು ನಿರಾಯಾಸವಾಗಿ ಹೊಡೆಯುವವನು ವರ್ಷವಿಡೀ ಆ ಐವತ್ತನ್ನೇ ಹೊಡೆದರೆ ಇದ್ದಲ್ಲೇ ಇರುವನು. ಆದುದರಿಂದ, ಮುಂದಿನ ತಿಂಗಳು ಇಂದಿಗಿಂತ ಹೆಚ್ಚಿನದನ್ನು ಮಾಡಿಸುವ ಏರ್ಪಾಡಿಲ್ಲದ ಕ್ರಮವನ್ನು ಎಷ್ಟೇ ಜಾಹೀರಾತು ಇದ್ದರೂ ಬಿಟ್ಟುಬಿಡಿರಿ. ವಾರಕ್ಕೆ ಎರಡು-ಮೂರು ದಿನ ಬೈಠಕ, ದಂಡ, ನೆಲದಿಂದ ಭಾರವೆತ್ತುವಿಕೆ, ತನ್ನತ್ತ ಭಾರವನ್ನೆಳೆಯುವಿಕೆ. ಉಳಿದ ದಿನ ಚುರುಕಾದ ನಡಿಗೆ — ಉದ್ಯೋಗಸ್ಥನಿಗೆ ಇಷ್ಟು ಸಾಕು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಿಧಿಸಿದ ಕನಿಷ್ಠ ಪ್ರಮಾಣವು ವಾರಕ್ಕೆ 150 ನಿಮಿಷಗಳ ಮಧ್ಯಮ ಶ್ರಮ ಮತ್ತು ಎರಡು ದಿನಗಳ ಬಲಸಾಧನೆ.

ದೇಶೀಯವೋ ವಿದೇಶೀಯವೋ ಎಂಬ ಜಗಳವನ್ನು ಬೆಂಗಳೂರಿನ ಕೆ. ವಿ. ಅಯ್ಯರರು ಎಂದೋ ಮುಗಿಸಿದ್ದಾರೆ. ‘ಶಾಂತಲಾ’ ಕಾದಂಬರಿಯನ್ನು ನಾಡಿಗೆ ಕೊಟ್ಟ ಆ ಮಹನೀಯರೇ ತಮ್ಮ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಭಾರವನ್ನೂ ಸೂರ್ಯನಮಸ್ಕಾರವನ್ನೂ ಜೊತೆಯಾಗಿ ಕಲಿಸಿದರು. ದೂರದವರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸಿದರು.

ಆಹಾರದ ಮಾತು ಸ್ವಲ್ಪ ಕಟುವಾದದ್ದು. ಊಟವನ್ನು ಅರ್ಧಕ್ಕಿಳಿಸಬೇಕಾಗಿಲ್ಲ, ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳವಾಯಿತು. ಆದರೆ ಅನ್ನದ ರಾಶಿ ಕುಗ್ಗಿ, ಮಡಿಕೆಕಾಳು, ಝುಣಕ, ಮೊಸರು, ತಿನ್ನುವವರಿಗೆ ತತ್ತಿ-ಮೀನು ಹೆಚ್ಚಬೇಕು. ಬಲಸಾಧನೆ ಮಾಡುವವನಿಗೆ ದೇಹತೂಕದ ಕಿಲೋ ಒಂದಕ್ಕೆ ಸುಮಾರು 1.6 ಗ್ರಾಂ ಪ್ರೋಟೀನು ಬೇಕೆಂಬುದು ತಜ್ಞರ ಮತ. ಡಬ್ಬಿಯ ಪುಡಿಗಳನ್ನು ನೆಚ್ಚಬೇಡಿರೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯೇ 2024ರಲ್ಲಿ ತಿಳಿಸಿದೆ. ಬೆಳಗಾವಿಯ ಕುಂದಾವನ್ನು ತ್ಯಜಿಸಿರೆಂದು ಹೇಳುವ ಧೈರ್ಯ ನಮಗಿಲ್ಲ, ಹಬ್ಬಕ್ಕಿರಲಿ.

ಆದರೆ ಇದೆಲ್ಲವನ್ನೂ ಮಾಡುವುದೆಲ್ಲಿ? ನಗರವು ಹಿಂಡಲಗಾದತ್ತ ಬೆಳೆಯುತ್ತ ಬಂದಿದೆ. ಹೊಸ ಬಡಾವಣೆಗಳ ನಕ್ಷೆಯಲ್ಲಿ ಮನೆಗೆ ಜಾಗವುಂಟು, ಗರಡಿಗೆ ಇಲ್ಲ. ತಿಂಗಳ ಶುಲ್ಕ ತೆರಲಾರದ ತರುಣನೂ, ಗಂಡಸರ ನಡುವೆ ಭಾರವೆತ್ತಲು ಸಂಕೋಚಪಡುವ ಗೃಹಿಣಿಯೂ ಕ್ರಮವನ್ನು ಆರಿಸುವ ಮೊದಲೇ ಹೊರಗುಳಿಯುತ್ತಾರೆ. ಗಾಳಿ-ಬೆಳಕುಳ್ಳ ಒಂದು ಕೋಣೆ, ಕೆಲವು ಭಾರಗಳು, ಬಲ್ಲ ಒಬ್ಬ ಶಿಕ್ಷಕ, ಸ್ತ್ರೀಯರಿಗೆ ಮೀಸಲಾದ ಒಂದು ಹೊತ್ತು — ಒಂದು ಸ್ವಾಗತ ಕಮಾನಿಗೆ ತಗಲುವಷ್ಟು ಹಣವೂ ಇದಕ್ಕೆ ಬೇಕಾಗದು. ಊರಿನ ಮುಂದಿನ ಸಭೆಯಲ್ಲಿ ಕಮಾನಿನ ಬೇಡಿಕೆ ಬಂದಾಗ ವಾಚಕರು ಎದ್ದುನಿಂತು ಈ ಕೋಣೆಯನ್ನು ಕೇಳಬೇಕು.